ಕ್ರೀಡಾಪಟು ಪಲವಂಕರ ಬಾಳೂ

ಧಾರವಾಡವು ಕವಿಗಳಿಗೂ ಗಾಯಕರಿಗೂ ತವರೆಂಬುದನ್ನು ನಾಡೆಲ್ಲ ಬಲ್ಲುದು. ಭಾರತೀಯ ಕ್ರಿಕೆಟ್ಟಿನ ಮೊದಲ ಮಹಾನ್ ಬೌಲರನ ಜನ್ಮಸ್ಥಳವೂ ಅದೇ ಎಂಬುದನ್ನು ಬಲ್ಲವರು ವಿರಳ. ಆ ಮಹನೀಯರೇ ಪಲವಂಕರ ಬಾಳೂ.

ಬಾಳೂ ಅವರು 1876ರಲ್ಲಿ, ಅಸ್ಪೃಶ್ಯವೆಂದು ಸಮಾಜವು ದೂರವಿರಿಸಿದ್ದ ಚರ್ಮಕಾರ ಕುಟುಂಬದಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿ ಸೇವೆಗಿದ್ದವರು. ಕುಟುಂಬವು ಪುಣೆಯಲ್ಲಿ ನೆಲೆಸಿದಾಗ, ಸೇನಾಧಿಕಾರಿಗಳು ಬಿಸುಟ ಚೆಂಡು ದಾಂಡುಗಳೇ ಬಾಲಕನ ಆಟಿಕೆಗಳಾದವು. ಪಾರಸಿಗಳ ಕ್ರಿಕೆಟ್ ಸಂಘದಲ್ಲಿ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಅಂಕಣವನ್ನು ಗುಡಿಸುವುದೇ ಅವರ ಮೊದಲ ಉದ್ಯೋಗ. ಬಳಿಕ ಯೂರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿಗೆ ಸೇರಿದರು. ಅಲ್ಲಿ ಗ್ರೇಗ್ ಎಂಬ ಸಮರ್ಥ ದಾಂಡಿಗನ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಚೆಂಡೆಸೆಯುವ ಕೆಲಸ ದೊರೆಯಿತು. ದಾಂಡು ಹಿಡಿಯುವ ಅವಕಾಶ ಮಾತ್ರ ಸೇವಕನಿಗೆ ಇರಲಿಲ್ಲ. ಆದರೆ ಆ ಚಾಕರಿಯೇ ತಪಸ್ಸಾಗಿ, ಅವರ ಎಡಗೈಯ ನಿಧಾನಗತಿಯ ಎಸೆತಕ್ಕೆ ಅಪೂರ್ವ ಹಿಡಿತ ಬಂದಿತು.

ಯೂರೋಪಿಯನ್ನರನ್ನು ಸೋಲಿಸಬೇಕೆಂಬ ಛಲ ಪುಣೆಯ ಹಿಂದೂ ಆಟಗಾರರಿಗಿತ್ತು. ಬಾಳೂ ಅವರಿಲ್ಲದೆ ಅದು ಕೈಗೂಡುವಂತಿರಲಿಲ್ಲ. ಜಾತಿಯೋ ಜಯವೋ ಎಂಬ ಚರ್ಚೆ ನಡೆದು, ಕೊನೆಗೆ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಆದರೇನು? ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗಡೆ, ಮಣ್ಣಿನ ಕುಡಿಕೆಯಲ್ಲಿ ಪಾನೀಯ!

ಮುಂದೆ ಬಾಳೂ ಮುಂಬಯಿಗೆ ಬಂದು ಹಿಂದೂ ಜಿಮಖಾನಾದ ಪರವಾಗಿ ಆಡಿದರು. 1906ರಲ್ಲಿ ಹಿಂದೂ ತಂಡವು ಯೂರೋಪಿಯನ್ನರನ್ನು 109 ಓಟಗಳಿಂದ ಮಣಿಸಿದಾಗ ಆ ವಿಜಯದ ಶಿಲ್ಪಿಗಳಲ್ಲಿ ಅವರು ಪ್ರಮುಖರು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ತೆರಳಿತು. ತಂಡವು ಬಹುಪಾಲು ಪಂದ್ಯಗಳಲ್ಲಿ ಸೋತರೂ ಬಾಳೂ ಅವರೊಬ್ಬರೇ ಆ ಪ್ರವಾಸದಲ್ಲಿ 114 ವಿಕೆಟ್ಟುಗಳನ್ನು ಗಳಿಸಿದರು. ತರುಣ ಅಂಬೇಡ್ಕರರಿಗೆ ಆಗ ಅವರೇ ಆದರ್ಶಪುರುಷ.

ಇಷ್ಟೆಲ್ಲ ಸಾಧಿಸಿದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. ಯೋಗ್ಯತೆಯ ಕೊರತೆಯಲ್ಲ, ಜಾತಿಯೇ ಅಡ್ಡಗೋಡೆಯಾಗಿತ್ತು. ಕೊನೆಗೆ 1923ರಲ್ಲಿ ಆ ಸ್ಥಾನವು ಅವರ ತಮ್ಮ ವಿಠ್ಠಲರಿಗೆ ಸಂದಿತು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

1955ರಲ್ಲಿ ಬಾಳೂ ಕಾಲವಶರಾದರು. ಅಂಕಣ ಗುಡಿಸಿದ ಕೈಗಳೇ ಆ ಅಂಕಣದ ಕೀರ್ತಿಯನ್ನು ಬೆಳಗಿದವು. ಪ್ರತಿಭೆಗೆ ಕುಲವಿಲ್ಲವೆಂದು ಹೇಳುವುದು ಸುಲಭ. ಮೈದಾನದಲ್ಲಿ ಒಪ್ಪಿದ ಸಮಾನತೆಯನ್ನು ಪಂಕ್ತಿಯಲ್ಲಿಯೂ ಒಪ್ಪುವುದು ಕಷ್ಟ. ವಿದ್ಯಾರ್ಥಿಗಳು ಈ ಜೀವನದಿಂದ ಕಲಿಯಬೇಕಾದುದು ಆ ಕಷ್ಟದ ಪಾಠವನ್ನೇ.