ಸ್ಟ್ರಾವಿನ್ಸ್ಕಿಯ ಪೆಟ್ಟು

ಕಾಲೇಜ್ ಫೆಸ್ಟ್‌ಗೆ ಆರ್ಕೆಸ್ಟ್ರಾದವರು ತರೋ ಕೀಬೋರ್ಡ್ ನೋಡಿರ್ತೀರಲ್ಲ, ಮುಂದಿನ ಸಲ ಅದರ ಟೋನ್ ಪಟ್ಟಿಯಲ್ಲಿ 56ನೇ ನಂಬರ್ ಹಾಕಿಸಿ ನೋಡಿ. ಜನರಲ್ ಮಿಡಿ ಕ್ರಮದ ಕೀಬೋರ್ಡ್ ಆಗಿದ್ದರೆ ಅಲ್ಲಿ ‘ಆರ್ಕೆಸ್ಟ್ರಾ ಹಿಟ್’ ಅಂತ ಇರುತ್ತೆ. ಒಂದೇ ಒಂದು ಕೀ ಒತ್ತಿದರೆ ಸಾಕು, ನೂರು ಜನ ವಾದ್ಯಗಾರರು ಒಟ್ಟಿಗೆ ಒಂದು ಪೆಟ್ಟು ಹೊಡೆದು ಥಟ್ಟನೆ ನಿಲ್ಲಿಸಿದ ಹಾಗೆ ಕೇಳುತ್ತೆ. ಎಂಬತ್ತರ ದಶಕದ ಪಾಪ್ ಹಾಡುಗಳಲ್ಲಿ ಇದು ಒಗ್ಗರಣೆ ಇದ್ದ ಹಾಗೆ, ಎಲ್ಲದಕ್ಕೂ ಬೀಳುತ್ತಿತ್ತು. ಈ ಸದ್ದಿನ ವಂಶಾವಳಿ ಹುಡುಕುತ್ತಾ ಹೋದರೆ ನಾವು ಹೋಗಿ ನಿಲ್ಲೋದು 1910ರ ಪ್ಯಾರಿಸ್‌ನಲ್ಲಿ, 28 ವರ್ಷದ ಒಬ್ಬ ರಷ್ಯನ್ ಯುವಕನ ಮುಂದೆ. ಹೆಸರು ಈಗೊರ್ ಸ್ಟ್ರಾವಿನ್ಸ್ಕಿ.

1882ರ ಜೂನ್ 17ರಂದು ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರದ ಓರಾನಿಯನ್‌ಬೌಮ್ ಎಂಬ ಊರಲ್ಲಿ ಹುಟ್ಟಿದ. ಅಪ್ಪ ಫ್ಯೋದೊರ್ ಮಾರಿಯಿನ್ಸ್ಕಿ ರಂಗಮಂದಿರದ ಹೆಸರಾಂತ ಒಪೆರಾ ಗಾಯಕ. ಮನೆ ತುಂಬ ಸಂಗೀತವಿತ್ತು ನಿಜ, ಆದರೆ ಮಗ ಸಂಗೀತವನ್ನೇ ನೆಚ್ಚಿಕೊಳ್ಳೋದು ಮನೆಯವರಿಗೆ ಬೇಕಿರಲಿಲ್ಲ. ಓದಿಸಿದ್ದು ಕಾನೂನು. (ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಕತೆ ಬೇರೆ ಹೆಸರಲ್ಲಿ ಗೊತ್ತಿದೆ ಬಿಡಿ.) ಅದೃಷ್ಟಕ್ಕೆ ಅದೇ ವಿಶ್ವವಿದ್ಯಾಲಯದಲ್ಲಿ ಸಹಪಾಠಿಯಾಗಿ ಸಿಕ್ಕವನು ದೊಡ್ಡ ಸಂಗೀತಗಾರ ರಿಮ್ಸ್ಕಿ-ಕೋರ್ಸಕೋವ್‌ನ ಮಗ. ಆ ದಾರಿ ಹಿಡಿದು ತಂದೆಯ ಹತ್ತಿರ ಹೋದ. ಮುದುಕ ಒಂದು ವಿಚಿತ್ರ ಸಲಹೆ ಕೊಟ್ಟ: ಕನ್ಸರ್ವೇಟರಿಗೆ ಸೇರಬೇಡ, ಮನೆಗೆ ಬಾ, ನಾನೇ ಕಲಿಸ್ತೀನಿ. ಹಾಗೆ ಶುರುವಾದ ಪಾಠ 1908ರಲ್ಲಿ ಗುರು ತೀರಿಹೋಗುವ ತನಕ ನಡೀತು. ಗುರುವಿನ ನೆನಪಿಗೆ ಶಿಷ್ಯ ‘ಶೋಕಗೀತೆ’ ಅಂತ ಒಂದು ಕೃತಿ ಬರೆದ. 1909ರ ಜನವರಿಯಲ್ಲಿ ಒಂದೇ ಒಂದು ಸಲ ನುಡಿಸಿದರು, ಆಮೇಲೆ ಕಾಗದಗಳು ಎಲ್ಲಿ ಹೋದವೋ ಯಾರಿಗೂ ಸಿಗಲಿಲ್ಲ. ಇದು ನೆನಪಿರಲಿ, ಆಮೇಲೆ ಬರುತ್ತೆ.

ಪ್ಯಾರಿಸ್‌ನಲ್ಲಿ ರಷ್ಯನ್ ಬ್ಯಾಲೆ ತಂಡ ನಡೆಸುತ್ತಿದ್ದ ದ್ಯಾಗಿಲೆವ್ ಹೊಸ ಬ್ಯಾಲೆಗೆ ಸಂಗೀತ ಹುಡುಕುತ್ತಿದ್ದ. ಹಿರಿಯ ಸಂಗೀತಗಾರ ಲ್ಯಾದೊವ್‌ನಿಂದ ಕೆಲಸ ಆಗಲಿಲ್ಲ, ಕೊನೆಗೆ ಅದು ಈ ಹುಡುಗನ ಪಾಲಿಗೆ ಬಂತು. 1910ರ ಜೂನ್ 25ರಂದು ‘ಫೈರ್‌ಬರ್ಡ್’ ರಂಗಕ್ಕೆ ಬಂದಾಗ ಸ್ಟ್ರಾವಿನ್ಸ್ಕಿ ಒಂದೇ ರಾತ್ರಿಗೆ ಪ್ಯಾರಿಸ್‌ನ ಬಾಯಲ್ಲಿ ಓಡಾಡುವ ಹೆಸರಾದ. ಅದರಲ್ಲಿ ರಾಕ್ಷಸರ ಕುಣಿತ ಶುರುವಾಗೋದು ಇಡೀ ಆರ್ಕೆಸ್ಟ್ರಾದ ಒಂದು ಪೆಟ್ಟಿನಿಂದ. ನಮ್ಮ 56ನೇ ನಂಬರಿನ ಅಜ್ಜ ಅದೇ.

ಮರುವರ್ಷ ‘ಪೆತ್ರುಷ್ಕಾ’. ಇದರಲ್ಲಿ ಒಂದು ತಮಾಷೆ ನಡೀತು. ಕಿಟಕಿಯ ಕೆಳಗೆ ಬೀದಿಯಲ್ಲಿ ಯಾರೋ ಹ್ಯಾಂಡಲ್ ತಿರುಗಿಸಿ ನುಡಿಸುವ ಪೆಟ್ಟಿಗೆಯಲ್ಲಿ ಒಂದು ಹಾಡು ಬಾರಿಸುತ್ತಿದ್ದ. ಚೆನ್ನಾಗಿದೆ ಅಂತ ಸ್ಟ್ರಾವಿನ್ಸ್ಕಿ ಅದನ್ನು ಎತ್ತಿ ಬ್ಯಾಲೆಯೊಳಗೆ ಹಾಕಿಬಿಟ್ಟ, ಜನಪದ ಹಾಡೇ ಇರಬೇಕು ಅನ್ನೋ ನಂಬಿಕೆ. ಆಮೇಲೆ ನೋಡಿದರೆ ಹಾಡು ಕಟ್ಟಿದ ಎಮಿಲ್ ಸ್ಪೆನ್ಸರ್ ಜೀವಂತ ಇದ್ದ! ಅಂದಿನಿಂದ ‘ಪೆತ್ರುಷ್ಕಾ’ದ ಗಳಿಕೆಯಲ್ಲಿ ಆತನಿಗೂ ಒಂದು ಪಾಲು ಹೋಗಬೇಕಾಯ್ತು. ಸಂಗೀತದಲ್ಲಿ ಯಾವುದು ಯಾರದ್ದು ಅನ್ನೋ ಪ್ರಶ್ನೆ ಅಲ್ಲಿಂದ ಆತನ ಬೆನ್ನು ಬಿಡಲೇ ಇಲ್ಲ.

ಈಗ ‘ರೈಟ್ ಆಫ್ ಸ್ಪ್ರಿಂಗ್’ಗೆ ಬರೋಣ. ವಸಂತ ಬರಲಿ ಅಂತ ಒಬ್ಬ ಹುಡುಗಿ ಕುಣಿದು ಕುಣಿದು ಸಾಯುವ, ಪ್ರಾಚೀನ ರಷ್ಯದ ಬಲಿಯ ಕತೆ. ಸ್ವಿಟ್ಜರ್ಲೆಂಡಿನ ಕ್ಲಾರೆನ್ಸ್‌ನಲ್ಲಿ ಒಂದು ಪಿಯಾನೋ ಹಿಡಿಸುವಷ್ಟು ಚಿಕ್ಕ ಕೋಣೆಯಲ್ಲಿ ಇದರ ಬಹುಪಾಲು ಬರೆದ. ಮೊದಲ ಸ್ವರವೇ ಕಿವಿಗೆ ಹೊಸದು: ತಗ್ಗು ದನಿಗೆ ಹೆಸರಾದ ಬಸೂನ್ ಎಂಬ ವಾದ್ಯವನ್ನು ಅದು ತಡೆಯಲಾರದಷ್ಟು ಎತ್ತರದಲ್ಲಿ ನುಡಿಸಿದ್ದಾನೆ. ಆ ರಾಗ ಒಂದು ಲಿಥುವೇನಿಯನ್ ಜನಪದ ಗೀತ ಸಂಗ್ರಹದ್ದು. ಸ್ವಲ್ಪ ಹೊತ್ತಿಗೆ ತಂತಿವಾದ್ಯಗಳೆಲ್ಲ ಒಂದೇ ಒರಟು ಕಾರ್ಡ್ ಹಿಡಿದು ಕುಟ್ಟತೊಡಗುತ್ತವೆ. ಒಂದಕ್ಕೊಂದು ಹೊಂದದ ಎರಡು ಕಾರ್ಡ್‌ಗಳನ್ನು ಒಂದರ ಮೇಲೊಂದು ಕೂರಿಸಿದ ಸದ್ದು ಅದು. ಆದರೆ ನಿಜವಾದ ಕೆಲಸ ಇರೋದು ಲಯದಲ್ಲಿ. ಈ ಲೇಖನ ಓದ್ತಾ ಓದ್ತಾ ಮೇಜಿನ ಮೇಲೇ ಮಾಡಿ ನೋಡಬಹುದು. ಒಂದೇ ವೇಗದಲ್ಲಿ 32 ಸಲ ತಟ್ಟಿ. 10, 12, 18, 21, 25, 30ನೇ ಪೆಟ್ಟನ್ನು ಮಾತ್ರ ಜೋರಾಗಿ ಹೊಡೆಯಿರಿ. ಆ ಕುಟ್ಟಾಟದ ಮೊದಲ ಎಂಟು ಬಾರ್‌ಗಳು ಹಾಗೇ ಇವೆ, ಜೋರು ಪೆಟ್ಟಿಗೆ ಎಂಟು ಹಾರ್ನ್‌ಗಳೂ ಸೇರುತ್ತವೆ. ಅಂದರೆ 32 ಒಡೆದದ್ದು 9, 2, 6, 3, 4, 5, 3 ಅಂತ. ಮೃದಂಗದವರ ಲೆಕ್ಕಾಚಾರ ಕೇಳಿ ಬೆಳೆದ ನಮಗೆ ಒಡೆಯೋದು ಹೊಸದಲ್ಲ, ಆದರೆ ನಮ್ಮಲ್ಲಿ ಎಷ್ಟೇ ಒಡೆದರೂ ಕೊನೆಗೆ ಸಮಕ್ಕೆ ಬಂದು ಒಂದು ನೆಮ್ಮದಿ ಸಿಗುತ್ತೆ. ಇಲ್ಲಿ ಆ ನೆಮ್ಮದಿ ಸಿಗಲ್ಲ, ಮುಂದಿನ ಪೆಟ್ಟು ಎಲ್ಲಿ ಬೀಳುತ್ತೋ ಅನ್ನೋ ಭಯವೇ ಸಂಗೀತ.

1913ರ ಮೇ 29ರ ಮೊದಲ ಪ್ರದರ್ಶನದ ಗಲಾಟೆ ಎಲ್ಲರೂ ಹೇಳುವ ಕತೆ. ಜನ ನಕ್ಕರು, ಕೂಗಿದರು, ಸಂಗೀತವೇ ಕೇಳದಷ್ಟು ಗದ್ದಲ. ಸ್ಟ್ರಾವಿನ್ಸ್ಕಿ ಸೀಟಿಂದ ಎದ್ದು ರಂಗದ ಹಿಂದೆ ಓಡಿದ. ಅಲ್ಲಿ ನೃತ್ಯ ಸಂಯೋಜಕ ನಿಜಿನ್ಸ್ಕಿ ಕುರ್ಚಿ ಹತ್ತಿ ನಿಂತು ಕುಣಿಯುವವರಿಗೆ ತಾಳದ ಎಣಿಕೆ ಕಿರುಚುತ್ತಿದ್ದ. ಕಂಡಕ್ಟರ್ ಮೊಂಟೋ ಮಾತ್ರ ಕೊನೇತನಕ ನಿಲ್ಲಿಸಲಿಲ್ಲ. ಈ ಗಲಾಟೆಯನ್ನು ಪ್ರತಿಭೆಗೆ ಸರ್ಟಿಫಿಕೇಟ್ ಥರ ತೋರಿಸೋದು ನನಗೆ ಅಷ್ಟು ಸರಿ ಕಾಣಲ್ಲ. ಜನ ಸಿಟ್ಟಾದದ್ದು ಕಿವಿಗೆ ಬಿದ್ದದ್ದಕ್ಕೆ ಎಷ್ಟೋ, ಕಣ್ಣಿಗೆ ಕಂಡ ಕುಣಿತಕ್ಕೂ ಅಷ್ಟೇ. ಮರುವರ್ಷ ಅದೇ ಪ್ಯಾರಿಸ್‌ನಲ್ಲಿ ಕುಣಿತ ಬಿಟ್ಟು ಸಂಗೀತ ಮಾತ್ರ ನುಡಿಸಿದಾಗ ಜನ ಆತನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಆ ಲಯ ಮುಂದಿನವರ ಕೈಗೆ ಹೇಗೆ ದಾಟಿತು ಅನ್ನೋದು ಇನ್ನೂ ಸ್ವಾರಸ್ಯ. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಪಾಠ ಹೇಳುತ್ತಿದ್ದ ಒಲಿವಿಯೇ ಮೆಸ್ಸಿಯಾನ್ ಈ ಕೃತಿಯನ್ನು ಶಿಷ್ಯರ ಮುಂದೆ ಬಿಚ್ಚಿಟ್ಟು, ಚಿಕ್ಕ ಚಿಕ್ಕ ಲಯದ ತುಣುಕುಗಳು ಹಿಗ್ಗೋದು, ಕುಗ್ಗೋದು, ಹಾಗೇ ನಿಲ್ಲೋದು ಎಲ್ಲವನ್ನೂ ತೋರಿಸುತ್ತಿದ್ದ. ಇದರ ಪಕ್ಕದಲ್ಲೇ ಆತ ಇಟ್ಟುಕೊಂಡದ್ದು ಏನು ಗೊತ್ತಾ? ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 13ನೇ ಶತಮಾನದಲ್ಲಿ ‘ಸಂಗೀತ ರತ್ನಾಕರ’ದಲ್ಲಿ ಕೊಟ್ಟ 120 ದೇಶೀ ತಾಳಗಳ ಪಟ್ಟಿ. ಒಂದು ಫ್ರೆಂಚ್ ವಿಶ್ವಕೋಶದಲ್ಲಿ ಆತನಿಗೆ ಅದು ಸಿಕ್ಕಿತ್ತು. ಸ್ಟ್ರಾವಿನ್ಸ್ಕಿ ಮತ್ತು ಶಾರ್ಙ್ಗದೇವ ಒಂದೇ ಮೇಜಿನ ಮೇಲೆ! ಆ ತರಗತಿಯಿಂದ ಹೊರಬಂದ ಪಿಯೆರ್ ಬುಲೆಜ್ ಮುಂದೆ ‘ರೈಟ್’ನ ಲಯದ ಬಗ್ಗೆ ಉದ್ದದ ವಿಶ್ಲೇಷಣೆ ಬರೆದ, ಕಂಡಕ್ಟರ್ ಆಗಿ ಅದನ್ನು ಮತ್ತೆ ಮತ್ತೆ ನುಡಿಸಿದ.

ಇತ್ತ ಸ್ಟ್ರಾವಿನ್ಸ್ಕಿಯ ಬದುಕು ಅಲುಗಾಡಿತ್ತು. ಮೊದಲ ಮಹಾಯುದ್ಧ ಬಂದು ಸ್ವಿಟ್ಜರ್ಲೆಂಡಿನಲ್ಲೇ ಉಳಿದ, 1917ರ ಕ್ರಾಂತಿಯಲ್ಲಿ ಊರಿನ ಆಸ್ತಿ ಹೋಯ್ತು. ರಷ್ಯ ಅಂತರರಾಷ್ಟ್ರೀಯ ಕಾಪಿರೈಟ್ ಒಪ್ಪಂದಕ್ಕೆ ಸೇರಿರಲಿಲ್ಲ, ಹಾಗಾಗಿ ಹೆಸರು ತಂದ ಬ್ಯಾಲೆಗಳಿಂದ ಬರಬೇಕಾದ ದುಡ್ಡೂ ಸರಿಯಾಗಿ ಬರಲಿಲ್ಲ. ಹೆಂಡತಿ, ನಾಲ್ಕು ಮಕ್ಕಳು. ದೊಡ್ಡ ಆರ್ಕೆಸ್ಟ್ರಾ ಯಾರಿಗೆ ಬೇಕು? 1918ರ ‘ಸೈನಿಕನ ಕತೆ’ಗೆ ಏಳೇ ವಾದ್ಯ. ‘ಲೆ ನೋಸ್’ ಎಂಬ ಮದುವೆಯ ಬ್ಯಾಲೆಗೆ ತಾನೇ ನುಡಿಯುವ ಯಂತ್ರ ಪಿಯಾನೋ ಹಾಕಲು ಹೊರಟ, ಆದರೆ ಯಂತ್ರಕ್ಕೂ ಮನುಷ್ಯರಿಗೂ ತಾಳ ಕೂಡಿಸೋದು ಆ ಕಾಲಕ್ಕೆ ಆಗದ ಮಾತು. ಈಗಿನ ಭಾಷೆಯಲ್ಲಿ ಹೇಳೋದಾದರೆ ಸಿಂಕ್ ಸಮಸ್ಯೆ. ಕೈಬಿಟ್ಟು 1923ರಲ್ಲಿ ನಾಲ್ಕು ಪಿಯಾನೋಗಳಿಗೆ ಬರೆದು ಮುಗಿಸಿದ.

ಮುಂದೆ ಆತ ಮಾಡಿದ್ದು ಅಭಿಮಾನಿಗಳಿಗೆ ನುಂಗಲಾರದ ತುತ್ತು. ‘ರೈಟ್’ನಂಥದ್ದನ್ನೇ ಇನ್ನೊಂದು ಕೊಡ್ತಾನೆ ಅಂತ ಕಾಯ್ತಿದ್ದವರಿಗೆ ಹದಿನೆಂಟನೇ ಶತಮಾನದ ಹಳೇ ಸಂಗೀತವನ್ನು ತಿರುಚಿ ಬಡಿಸಿದ. 1920ರ ‘ಪುಲ್ಚಿನೆಲ್ಲಾ’ ಪೆರ್ಗೊಲೇಸಿಯದು ಎಂದುಕೊಂಡ ತುಣುಕುಗಳ ಮೇಲೆ ನಿಂತದ್ದು, ಅದರಲ್ಲಿ ಹಲವು ಪೆರ್ಗೊಲೇಸಿಯದೇ ಅಲ್ಲ ಅಂತ ಆಮೇಲೆ ಗೊತ್ತಾಯ್ತು. 1945ರಲ್ಲಿ ಇಂಥ ಸಂಗೀತ ಪ್ಯಾರಿಸ್‌ನಲ್ಲಿ ನುಡಿಸಿದಾಗ ಕೂಗಿ ಗಲಾಟೆ ಮಾಡಿದವರು ಮೆಸ್ಸಿಯಾನ್‌ನ ಶಿಷ್ಯರೇ. ‘ರೈಟ್’ ಓದಿ ಬೆಳೆದ ಹುಡುಗರು ‘ರೈಟ್’ ಬರೆದವನಿಗೇ ಬೈದರು.

ಸಂಪ್ರದಾಯಸ್ಥರಿಗಂತೂ ಮೊದಲಿಂದಲೂ ಆತ ಬೇಡವಾಗಿದ್ದ. ಅದೇ ಪೀಳಿಗೆಯ ಇನ್ನೊಬ್ಬ ರಷ್ಯನ್ ನಿಕೊಲಾಯ್ ಮೆಟ್ನರ್ ಈ ಹೊಸ ಸಂಗೀತವನ್ನು ಖಂಡಿಸಿ ಪುಸ್ತಕವನ್ನೇ ಬರೆದ. ಲಂಡನ್ನಿನಲ್ಲಿ ಕಾಯಿಲೆ, ಬಡತನದಲ್ಲಿದ್ದ ಆ ಮೆಟ್ನರ್‌ನ ಸಂಗೀತ ರೆಕಾರ್ಡ್ ಆಗಲಿ ಅಂತ ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಆತನ ಮೂರನೇ ಪಿಯಾನೋ ಕಾನ್ಚೆರ್ಟೋ ಮೈಸೂರು ಮಹಾರಾಜರಿಗೆ ಅರ್ಪಿತ. ಮೈಸೂರಿನ ಹಣ ಸ್ಟ್ರಾವಿನ್ಸ್ಕಿಯ ಎದುರು ಪಕ್ಷಕ್ಕೆ ಹೋಯ್ತು ಅನ್ನಿ!

ಸ್ಟ್ರಾವಿನ್ಸ್ಕಿ ದೇವರಂಥ ಮನುಷ್ಯ ಏನಲ್ಲ. ಕಾಯಿಲೆಯ ಹೆಂಡತಿ ಇರುವಾಗಲೇ ವರ್ಷಗಟ್ಟಲೆ ವೆರಾ ಎಂಬವಳ ಜತೆ ಇನ್ನೊಂದು ಬದುಕು ನಡೆಸಿದ, ಮುಸೊಲಿನಿಯನ್ನು ಮೆಚ್ಚಿಕೊಂಡಿದ್ದ. 1938ರ ನವೆಂಬರ್‌ನಿಂದ 1939ರ ಜೂನ್ ಒಳಗೆ ಮಗಳು, ಹೆಂಡತಿ, ತಾಯಿ ಮೂವರೂ ಸತ್ತರು. ಆತನೂ ಕ್ಷಯದಿಂದ ಆಸ್ಪತ್ರೆ ಸೇರಿದ್ದ. ಅದೇ ವರ್ಷ ಅಮೆರಿಕಕ್ಕೆ ಹೊರಟ, ವೆರಾಳನ್ನು ಮದುವೆಯಾಗಿ ಲಾಸ್ ಏಂಜಲೀಸ್‌ನಲ್ಲಿ ನೆಲೆ ನಿಂತ. ಅಲ್ಲಿ ವಾಲ್ಟ್ ಡಿಸ್ನಿ 1940ರ ‘ಫ್ಯಾಂಟಾಸಿಯಾ’ದಲ್ಲಿ ‘ರೈಟ್’ ಅನ್ನು ಕತ್ತರಿಸಿ, ಹಿಂದುಮುಂದು ಮಾಡಿ, ಡೈನೋಸಾರ್‌ಗಳಿಗೆ ಹೊಂದಿಸಿದ. ಅಮೆರಿಕದಲ್ಲಿ ಆ ಕೃತಿಗೆ ಕಾಪಿರೈಟ್ ರಕ್ಷಣೆಯೇ ಇರಲಿಲ್ಲ, ಬೇಡ ಅಂದರೂ ನಡೀತಿರಲಿಲ್ಲ. ಸಿಕ್ಕಿದ್ದು ತಗೊಂಡು ಒಪ್ಪಿದ, ಆಮೇಲೆ ಗೊಣಗಿದ. ಹಳೇ ಬ್ಯಾಲೆಗಳನ್ನು ಮತ್ತೆ ತಿದ್ದಿ ಹೊಸ ಆವೃತ್ತಿ ತಂದದ್ದರ ಹಿಂದೆ ಹಕ್ಕು ಉಳಿಸಿಕೊಳ್ಳುವ ಲೆಕ್ಕವೂ ಇತ್ತು.

ಅಮೆರಿಕದಲ್ಲಿ ಆತನನ್ನು ಪ್ರೀತಿಯಿಂದ ಎತ್ತಿಕೊಂಡವರು ಜಾಝ್‌ನವರು. ವುಡಿ ಹರ್ಮನ್ ತಂಡಕ್ಕಾಗಿ ಆತ 1945ರಲ್ಲಿ ‘ಎಬನಿ ಕಾನ್ಚೆರ್ಟೋ’ ಬರೆದ. ಚಾರ್ಲಿ ಪಾರ್ಕರ್ ತನ್ನ ಸ್ಯಾಕ್ಸೊಫೋನ್ ಓಟದ ನಡುವೆ ಸ್ಟ್ರಾವಿನ್ಸ್ಕಿಯ ರಾಗಗಳನ್ನು ತೂರಿಸುತ್ತಿದ್ದ. ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಒಂದು ರಾತ್ರಿ ಸ್ವತಃ ಸ್ಟ್ರಾವಿನ್ಸ್ಕಿ ಕೂತಿರೋದು ಕಂಡು, ನುಡಿಸುತ್ತಿದ್ದ ವೇಗದಲ್ಲೇ ‘ಫೈರ್‌ಬರ್ಡ್’ನ ಸಾಲೊಂದನ್ನು ಸೇರಿಸಿದನಂತೆ, ಮುದುಕ ಖುಷಿಯಿಂದ ಗ್ಲಾಸ್ ಕುಟ್ಟಿದನಂತೆ. ರಾಕ್‌ನಲ್ಲಿ ಫ್ರಾಂಕ್ ಜಪ್ಪಾ 1967ರ ಆಲ್ಬಂನಲ್ಲಿ ‘ರೈಟ್’ನ ತುಣುಕು ಹಾಕಿದ, ‘ಯೆಸ್’ ತಂಡ ‘ಫೈರ್‌ಬರ್ಡ್’ನ ಕೊನೆಯ ಭಾಗ ಹಾಕಿಸಿ ವೇದಿಕೆಗೆ ಬರುತ್ತಿತ್ತು. ‘ಸ್ಟಾರ್ ವಾರ್ಸ್’ನ ಮರಳುಗಾಡಿನ ಸಂಗೀತ ಕೇಳಿ, ಆಮೇಲೆ ‘ರೈಟ್’ನ ಎರಡನೇ ಭಾಗದ ಆರಂಭ ಕೇಳಿ. ನಾನು ಏನೂ ಹೇಳಲ್ಲ.

ಎಪ್ಪತ್ತರ ಹತ್ತಿರ ಬಂದಾಗ ಮತ್ತೆ ತಿರುಗಿದ. ಲಾಸ್ ಏಂಜಲೀಸ್‌ನಲ್ಲೇ ಇದ್ದ ಶೋನ್‌ಬರ್ಗ್‌ನ ಹನ್ನೆರಡು ಸ್ವರಗಳ ಪದ್ಧತಿ ಆತನ ಎದುರಾಳಿ ಪಂಥ, ಇಬ್ಬರಿಗೂ ಮುಖ ಕೊಟ್ಟು ಮಾತಿರಲಿಲ್ಲ. 1951ರಲ್ಲಿ ಶೋನ್‌ಬರ್ಗ್ ಸತ್ತ. ಆಮೇಲಿನ ವರ್ಷಗಳಲ್ಲಿ ಸ್ಟ್ರಾವಿನ್ಸ್ಕಿ ಅದನ್ನೇ ವಿದ್ಯಾರ್ಥಿಯ ಹಾಗೆ ಕೂತು ಕಲಿತು, 1957ರಲ್ಲಿ ‘ಅಗಾನ್’ ಮುಗಿಸಿದ. ಆ ವಯಸ್ಸಲ್ಲಿ ಸಿಲಬಸ್ ಬದಲಾಯಿಸೋ ಧೈರ್ಯ ನನಗೆ ‘ರೈಟ್’ಗಿಂತ ದೊಡ್ಡದಾಗಿ ಕಾಣುತ್ತೆ.

ಹುಟ್ಟಿದ ದೇಶದಲ್ಲಿ ಮಾತ್ರ ಆತನ ಹೆಸರೇ ಅಪಾಯ. ಶೊಸ್ತಕೋವಿಚ್ ಆತನ ‘ಸಿಂಫನಿ ಆಫ್ ಸಾಮ್ಸ್’ ಅನ್ನು ಪಿಯಾನೋಗೆ ಇಳಿಸಿಕೊಂಡು ಇಟ್ಟುಕೊಂಡಿದ್ದವನು. 1949ರಲ್ಲಿ ಸ್ಟಾಲಿನ್ ಸರ್ಕಾರ ಅವನನ್ನು ನ್ಯೂಯಾರ್ಕಿಗೆ ಕಳಿಸಿ, ಅದೇ ಸ್ಟ್ರಾವಿನ್ಸ್ಕಿಯನ್ನು ಎಲ್ಲರೆದುರು ಖಂಡಿಸುವಂತೆ ಮಾಡಿತು. 1962ರಲ್ಲಿ, 48 ವರ್ಷದ ಮೇಲೆ, ಸ್ಟ್ರಾವಿನ್ಸ್ಕಿ ರಷ್ಯಕ್ಕೆ ಹೋದಾಗ ಇಬ್ಬರೂ ಒಂದೇ ಊಟದ ಮೇಜಿಗೆ ಬಂದರು.

1971ರ ಏಪ್ರಿಲ್ 6ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ವೆನಿಸ್‌ನ ಸಾನ್ ಮಿಕೇಲೆ ದ್ವೀಪದಲ್ಲಿ, ದ್ಯಾಗಿಲೆವ್‌ನ ಸಮಾಧಿಯ ಹತ್ತಿರ ಮಣ್ಣು ಮಾಡಿದರು.

1979ರಲ್ಲಿ ಸಿಡ್ನಿಯಿಂದ ‘ಫೇರ್‌ಲೈಟ್ ಸಿಎಂಐ’ ಎಂಬ ಯಂತ್ರ ಬಂತು, ಪೀಟರ್ ವೋಗಲ್ ಮತ್ತು ಕಿಮ್ ರೈರಿ ಕಟ್ಟಿದ್ದು. 8 ಬಿಟ್, ಒಂದು ದನಿಗೆ 16 ಕಿಲೋಬೈಟ್ ಮೆಮೊರಿ. ಸೆಕೆಂಡಿಗೆ 16 ಸಾವಿರ ಸ್ಯಾಂಪಲ್ ತಗೊಂಡರೆ ಹೆಚ್ಚುಕಮ್ಮಿ ಒಂದು ಸೆಕೆಂಡಿಗೆ ಜಾಗ ಖಾಲಿ. ಒಂದು ಸೆಕೆಂಡಲ್ಲಿ ಏನು ಹಿಡಿಸುತ್ತೆ? ಒಂದು ಪೆಟ್ಟು. ಡೇವಿಡ್ ವೋರ್ಹಾಸ್ ‘ಫೈರ್‌ಬರ್ಡ್’ನ ರಾಕ್ಷಸರ ಕುಣಿತದ ಆ ಮೊದಲ ಪೆಟ್ಟನ್ನು ಅದರೊಳಗೆ ಇಳಿಸಿದ, ಫೈಲಿನ ಹೆಸರು ‘ಆರ್ಕ್ 5’. 1982ರಲ್ಲಿ ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ತಂಡದ ‘ಪ್ಲಾನೆಟ್ ರಾಕ್’ನಲ್ಲಿ ಅದು ಸಿಡಿದ ಮೇಲೆ ಹಿಪ್‌ಹಾಪ್‌ನವರಿಂದ ಕೀಬೋರ್ಡ್ ಕಂಪನಿಗಳ ತನಕ ಎಲ್ಲರಿಗೂ ಅಂಥದ್ದೊಂದು ಬೇಕಾಯ್ತು. ಬೀದಿಯ ಹಾಡಿಗೆ ಸ್ಪೆನ್ಸರ್‌ಗೆ ಪಾಲು ಕೊಟ್ಟವನ ಪೆಟ್ಟು ಹೀಗೆ ಹೆಸರಿಲ್ಲದೆ ಊರೂರು ತಿರುಗಿತು.

ಇನ್ನು ಆ ಕಳೆದುಹೋದ ‘ಶೋಕಗೀತೆ’. 2015ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಕನ್ಸರ್ವೇಟರಿಯ ಕಟ್ಟಡ ರಿಪೇರಿಗೆ ಅಂತ ಖಾಲಿ ಮಾಡುವಾಗ, ಹಳೇ ಕಾಗದಗಳ ರಾಶಿಯ ಹಿಂದೆ ಅದರ ವಾದ್ಯವಾರು ಹಾಳೆಗಳು ಸಿಕ್ಕವು. ಬಿಡಿ ಹಾಳೆಗಳನ್ನು ಜೋಡಿಸಿ ಪೂರ್ತಿ ಕೃತಿ ಮತ್ತೆ ಕಟ್ಟಿದರು. 2016ರ ಡಿಸೆಂಬರ್ 2ರಂದು, ಅಪ್ಪ ಹಾಡುತ್ತಿದ್ದ ಮಾರಿಯಿನ್ಸ್ಕಿಯ ಆರ್ಕೆಸ್ಟ್ರಾವೇ ಅದನ್ನು ನುಡಿಸಿತು. ಹನ್ನೆರಡು ನಿಮಿಷದ ಕೃತಿ. ಅದರಲ್ಲಿ ವಾದ್ಯಗಳು ಒಂದೊಂದಾಗಿ ಗುರುವಿನ ಸಮಾಧಿಯ ಮುಂದೆ ಹಾದುಹೋಗುತ್ತಾ, ತಮ್ಮ ತಮ್ಮ ರಾಗವನ್ನು ಹಾರದ ಹಾಗೆ ಇಟ್ಟು ಮುಂದೆ ಸಾಗುತ್ತವೆ.