ಜೆರಾಕ್ಸ್ ಅಂಗಡಿಯ ಅಜ್ಜ: ಚೆಸ್ಟರ್ ಕಾರ್ಲ್‌ಸನ್

ಇಂಟರ್ನಲ್ಸ್ ಹತ್ತಿರ ಬಂತಂದ್ರೆ ಹಳಿಯಾಳ ಇರಲಿ, ದಾಂಡೇಲಿ ಇರಲಿ, ನಾವು ಮೊದಲು ಓಡೋದು ಜೆರಾಕ್ಸ್ ಅಂಗಡಿಗೆ. ಸೀನಿಯರ್ ಬರೆದಿಟ್ಟ ಒಂದು ನೋಟ್ಸ್ ಸಂಜೆಯೊಳಗೆ ಇಡೀ ಕ್ಲಾಸಿನ ಕೈ ಸೇರುತ್ತದೆ. ಜೆರಾಕ್ಸ್ ಅನ್ನೋದು ಒಂದು ಕಂಪನಿಯ ಹೆಸರು ಅನ್ನೋದನ್ನೇ ನಾವು ಮರೆತಿದ್ದೇವೆ. ಆ ಯಂತ್ರದ ಮೂಲಪುರುಷ ಚೆಸ್ಟರ್ ಕಾರ್ಲ್‌ಸನ್. ಲೇಸರ್ ಪ್ರಿಂಟರ್ ಕೂಡ ನಡೆಯೋದು ಆತನ ತತ್ವದ ಮೇಲೆಯೇ. ನಮ್ಮ ಪ್ರಿಂಟರ್‌ಗಳು ಇವತ್ತು ಯಾಕೆ ಇಷ್ಟು ಹಟ ಮಾಡ್ತಾವೆ ಅಂತ ತಿಳಿಯೋಕೂ ಆತನ ಬದುಕಿನಿಂದಲೇ ಶುರು ಮಾಡಬೇಕು.

ಕಾರ್ಲ್‌ಸನ್ ಹುಟ್ಟಿದ್ದು 1906ರ ಫೆಬ್ರವರಿ 8ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಅಪ್ಪ ಕ್ಷೌರಿಕ, ಕ್ಷಯ ಮತ್ತು ಸಂಧಿವಾತದಿಂದ ದುಡಿಯಲಾರದೆ ಹೋದ. ಅಮ್ಮನೂ ಕ್ಷಯದಿಂದ ತೀರಿಕೊಂಡಾಗ ಹುಡುಗನಿಗೆ 17 ವರ್ಷ. ಶಾಲೆಗೆ ಮೊದಲು, ಶಾಲೆ ಬಿಟ್ಟ ಮೇಲೆ ದುಡಿದು ಮನೆ ನಡೆಸಿದ್ದು ಅವನೇ. ಊರಿನ ಪ್ರೆಸ್ಸಿನಲ್ಲಿ ಕೆಲಸ ಮಾಡಿ, ಕೂಲಿಯ ಬದಲು ಒಂದು ಹಳೇ ಮುದ್ರಣಯಂತ್ರ ಪಡೆದು, ಕೆಮಿಸ್ಟ್ರಿ ಹುಚ್ಚಿನವರಿಗಾಗಿ ಪುಟ್ಟ ಪತ್ರಿಕೆ ತರಲು ಹೊರಟಿದ್ದ. ನಾಲ್ಕು ಸಾಲು ಅಚ್ಚು ಹಾಕೋದು ಎಷ್ಟು ಕಷ್ಟ ಅಂತ ಆಗಲೇ ಗೊತ್ತಾಯಿತು.

1930ರಲ್ಲಿ ಕ್ಯಾಲ್‌ಟೆಕ್‌ನಿಂದ ಭೌತಶಾಸ್ತ್ರದ ಪದವಿ. ಅದು ಆರ್ಥಿಕ ಕುಸಿತದ ಕಾಲ. ಪ್ಲೇಸ್‌ಮೆಂಟ್ ಚಿಂತೆಯಲ್ಲಿರುವವರು ಗಮನಿಸಿ: ಆತ ಅರ್ಜಿ ಹಾಕಿದ 82 ಕಂಪನಿಗಳು ಕೆಲಸ ಕೊಡಲಿಲ್ಲ. ಕೊನೆಗೆ ನ್ಯೂಯಾರ್ಕಿನ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಸಿಕ್ಕಿತು, 1933ರಲ್ಲಿ ಅದೂ ಹೋಯಿತು. ಮುಂದೆ ಇನ್ನೊಂದು ಕಂಪನಿಯ ಪೇಟೆಂಟ್ ವಿಭಾಗ ಸೇರಿದ. ಅಲ್ಲಿ ದಿನಾ ಒಂದೇ ಗೋಳು: ಪೇಟೆಂಟ್ ಪತ್ರಗಳಿಗೆ ಪ್ರತಿ ಬೇಕು, ಮತ್ತೆ ಟೈಪ್ ಮಾಡಿಸಬೇಕು, ಇಲ್ಲಾ ದುಬಾರಿ ಫೋಟೋಸ್ಟಾಟ್ ತೆಗೆಸಬೇಕು. ಸಂಜೆ ಕಾನೂನು ಕಾಲೇಜು. ಪುಸ್ತಕ ಕೊಳ್ಳಲು ದುಡ್ಡಿಲ್ಲದೆ ಲೈಬ್ರರಿಯಲ್ಲಿ ಕೂತು ಕೈಯಿಂದಲೇ ನಕಲು ಮಾಡುತ್ತಿದ್ದ. ಅಪ್ಪನ ಸಂಧಿವಾತ ಆಗಲೇ ಮಗನ ಬೆನ್ನಿಗೂ ಬಿದ್ದಿತ್ತು.

ಇದಕ್ಕೆ ಉಪಾಯ ಹುಡುಕಲು ಆತ ಅಡುಗೆಮನೆಯಲ್ಲೇ ಗಂಧಕ ಕಾಯಿಸತೊಡಗಿದ. ಆಮೇಲೆ ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಒಂದು ಕೋಣೆ ಹಿಡಿದು, ಆಸ್ಟ್ರಿಯಾದಿಂದ ಬಂದಿದ್ದ ಒಟ್ಟೊ ಕೊರ್ನೈ ಎಂಬ ಭೌತಶಾಸ್ತ್ರಜ್ಞನನ್ನು ಜೊತೆಗೆ ಕರೆದುಕೊಂಡ. 1938ರ ಅಕ್ಟೋಬರ್ 22ರಂದು ಗಂಧಕ ಲೇಪಿಸಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ಚಾರ್ಜ್ ಮಾಡಿದರು. ಆ ದಿನದ ತಾರೀಖು, ಊರಿನ ಹೆಸರು ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಬಿಟ್ಟರು. ಬೆಳಕು ಬಿದ್ದ ಕಡೆ ಚಾರ್ಜ್ ಇಳಿದುಹೋಯಿತು. ಅಕ್ಷರದ ನೆರಳಿದ್ದ ಕಡೆ ಉಳಿಯಿತು. ಪುಡಿ ಉದುರಿಸಿ ಊದಿದಾಗ ಅದು ಅಕ್ಷರಗಳಿಗೆ ಮಾತ್ರ ಅಂಟಿಕೊಂಡಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿ ಕಾಯಿಸಿದರು. ಜಗತ್ತಿನ ಮೊದಲ ಜೆರಾಕ್ಸ್ ಪ್ರತಿ ಅದೇ.

ಆದರೆ ಯಾರಿಗೆ ಬೇಕಿತ್ತು? ಐಬಿಎಂ, ಕೊಡಕ್ ಸೇರಿ 20ಕ್ಕೂ ಹೆಚ್ಚು ಕಂಪನಿಗಳು ಬೇಡ ಅಂದವು. 1944ರಲ್ಲಿ ಬ್ಯಾಟೆಲ್ ಎಂಬ ಸಂಶೋಧನಾ ಸಂಸ್ಥೆ ಕೈಹಿಡಿಯಿತು, ಆಮೇಲೆ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ. ಅದೇ ಮುಂದೆ ಜೆರಾಕ್ಸ್ ಆಯಿತು. 1959ರಲ್ಲಿ ಜೆರಾಕ್ಸ್ 914 ಬಂತು: ಸುಮಾರು 290 ಕೆಜಿ ತೂಕ, ನಿಮಿಷಕ್ಕೆ 7 ಪ್ರತಿ. ಅಡುಗೆಮನೆಯಿಂದ ಅಲ್ಲಿಗೆ ತಲುಪಲು 20 ವರ್ಷಕ್ಕೂ ಹೆಚ್ಚು ಹಿಡಿಯಿತು.

ಈ ಯಂತ್ರದ ನಿಜವಾದ ದೊಡ್ಡತನ ಇರೋದು ಕಾಗದದಲ್ಲಿ. ಅದಕ್ಕೂ ಮೊದಲಿನ ಹೆಚ್ಚಿನ ಕಾಪಿ ಯಂತ್ರಗಳಿಗೆ ರಾಸಾಯನಿಕ ಲೇಪನದ ವಿಶೇಷ ಕಾಗದವೇ ಬೇಕಿತ್ತು. ಯಂತ್ರ ಕೊಂಡವನು ಆ ಕಾಗದ ಮಾರುವವನಿಗೆ ಕಟ್ಟುಬಿದ್ದಂತೆ. ಕಾರ್ಲ್‌ಸನ್ ವಿಧಾನಕ್ಕೆ ಸಾದಾ ಕಾಗದ ಸಾಕು. ಆ ಹೊತ್ತಿಗೆ ನಮ್ಮ ಕಾಳಿ ನದಿಯ ದಂಡೆಯ ದಾಂಡೇಲಿಗೂ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಬಂದಿತ್ತು. ಆ ಕಂಪನಿ ಸ್ಥಾಪನೆಯಾದದ್ದು 1955ರಲ್ಲಿ. ಎಲ್ಲೋ ನ್ಯೂಯಾರ್ಕಿನಲ್ಲಿ ಹುಟ್ಟಿದ ತತ್ವಕ್ಕೆ ದಾಂಡೇಲಿಯ ಕಾಗದವೂ ನಡೆಯುತ್ತದೆ, ಬೇರೆ ಯಾವ ಊರಿನದೂ ನಡೆಯುತ್ತದೆ.

ಇನ್ನೊಂದು ಸಂಗತಿ. 914 ಅನ್ನು ಹೆಚ್ಚಾಗಿ ಬಾಡಿಗೆಗೆ ಕೊಡುತ್ತಿದ್ದರು: ತಿಂಗಳಿಗೆ 95 ಡಾಲರ್, 2000 ಪ್ರತಿ ದಾಟಿದರೆ ಒಂದೊಂದಕ್ಕೂ ಬೇರೆ ದುಡ್ಡು. ಯಂತ್ರ ಕೆಟ್ಟು ನಿಂತರೆ ನಷ್ಟ ಕಂಪನಿಗೇ. ಹಾಗಾಗಿ ಅದನ್ನು ರಿಪೇರಿ ಮಾಡಿ ಮಾಡಿ ನಡೆಸೋದೇ ಅವರಿಗೆ ಲಾಭ.

ಕಾರ್ಲ್‌ಸನ್ ದೊಡ್ಡ ಶ್ರೀಮಂತನಾದ, ಸುಮಾರು 10 ಕೋಟಿ ಡಾಲರ್ ದಾನ ಮಾಡಿದ, ಅದೂ ಹೆಚ್ಚಾಗಿ ಹೆಸರು ಹಾಕಿಸಿಕೊಳ್ಳದೆ. 1968ರ ಸೆಪ್ಟೆಂಬರ್ 19ರಂದು ನ್ಯೂಯಾರ್ಕಿನ ಸಿನಿಮಾ ಮಂದಿರವೊಂದರಲ್ಲಿ ಕೂತಲ್ಲೇ ತೀರಿಕೊಂಡ.

ಈಗ ನಮ್ಮ ಕಾಲಕ್ಕೆ ಬರೋಣ. ಲೆಕ್ಕ ತಿರುಗಿಬಿದ್ದಿದೆ. ಮನೆಯ ಪ್ರಿಂಟರ್ ಅಗ್ಗ, ಕಾರ್ಟ್ರಿಜ್ ದುಬಾರಿ. ಯಂತ್ರ ಬೇಗ ಸತ್ತರೆ ನಷ್ಟ ನಮಗೆ. ಎಷ್ಟೋ ಕಾರ್ಟ್ರಿಜ್‌ಗಳ ಮೇಲೆ ಚಿಪ್ ಇರುತ್ತದೆ. ಒಳಗಿನ ಇಂಕ್ ಚೆನ್ನಾಗಿದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಯಾರು ಮಾರಿದ್ದು ಅಂತ ಮಾತ್ರ ನೋಡುತ್ತದೆ. ಇಂಕ್‌ಜೆಟ್ ಒಳಗೆ ಹೆಚ್ಚುವರಿ ಇಂಕ್ ಹೀರುವ ಪ್ಯಾಡ್ ಒಂದಿದೆ. ಅದು ತುಂಬಿತು ಅಂತ ಎಣಿಕೆ ಹೇಳಿದರೆ ಯಂತ್ರ ನಿಲ್ಲುತ್ತದೆ. ಜೋಯಿಡಾ, ಮುಂಡಗೋಡದಂಥ ಊರಲ್ಲಿ ಇರುವವರು ಆ ಪ್ರಿಂಟರ್ ಹೊತ್ತು ಹುಬ್ಬಳ್ಳಿಗೆ ಹೋಗೋದೋ, ಗುಜರಿಗೆ ಹಾಕೋದೋ? ಕಾರ್ಲ್‌ಸನ್ ಕಾಗದದಿಂದ ತೆಗೆದ ಬೀಗವನ್ನು ನಂತರದವರು ಕಾರ್ಟ್ರಿಜ್‌ಗೆ ಹಾಕಿದರು.

ಎದುರೇಟೂ ಬಿದ್ದಿದೆ. 2017ರಲ್ಲಿ ಲೆಕ್ಸ್‌ಮಾರ್ಕ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಾರ್ಟ್ರಿಜ್ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯುತ್ತದೆ, ತುಂಬಿಸಿ ಮಾರುವವರನ್ನು ಪೇಟೆಂಟ್ ಹೆಸರಲ್ಲಿ ತಡೆಯಲಾಗದು ಎಂದಿತು. 2022ರಲ್ಲಿ ನಮ್ಮ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ಮಾಡಿತು. ಬಾಟಲಿಯಿಂದ ಇಂಕ್ ತುಂಬುವ ಟ್ಯಾಂಕ್ ಪ್ರಿಂಟರ್‌ಗಳೂ ಅಂಗಡಿಗೆ ಬಂದಿವೆ.

ಆದರೆ ಚಿಪ್ ಹಾಕಬೇಕೋ ಬೇಡವೋ ಅಂತ ಮೊದಲು ಕೂತು ಬರೆಯೋದು ಕೋರ್ಟ್ ಅಲ್ಲ, ಒಬ್ಬ ಇಂಜಿನಿಯರ್. ನಾಲ್ಕೈದು ವರ್ಷದಲ್ಲಿ ನಮ್ಮಲ್ಲೇ ಯಾರಾದರೂ ಆ ಕುರ್ಚಿಯಲ್ಲಿ ಇರಬಹುದು. ಪುಸ್ತಕ ಕೊಳ್ಳಲಾಗದೆ ಕೈ ನೋಯಿಸಿಕೊಂಡ ಹುಡುಗನೊಬ್ಬ ಮಾಡಿದ ಯಂತ್ರ ಇದು ಅನ್ನೋದು ಆಗ ನೆನಪಿರಲಿ.