ಗಿರಿರೈಲಿನ ಶಿಲ್ಪಿ ನಿಕ್ಲಾಸ್ ರಿಗ್ಗೆನ್‌ಬಾಕ್

ಬೇಸಗೆಯ ರಜೆಯಲ್ಲಿ ಉದಕಮಂಡಲಕ್ಕೆ ಹೋಗಿಬಂದ ವಿದ್ಯಾರ್ಥಿಗಳು ನಮ್ಮ ಶಾಲೆಯಲ್ಲಿ ಅನೇಕರಿದ್ದಾರೆ. ರಾತ್ರಿ ಚೆನ್ನೈ ಸೆಂಟ್ರಲ್ ನಿಲ್ದಾಣದಲ್ಲಿ ನೀಲಗಿರಿ ಎಕ್ಸ್‌ಪ್ರೆಸ್ ಬಂಡಿಯನ್ನು ಹತ್ತಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಮೆಟ್ಟುಪಾಳಯವನ್ನು ಸೇರಬಹುದು. ಅಲ್ಲಿಂದ ಮುಂದೆ ದೊಡ್ಡ ಬಂಡಿಗೆ ದಾರಿಯಿಲ್ಲ. ಬೆಟ್ಟದ ಬುಡದಲ್ಲಿ ಆಟದ ಸಾಮಾನಿನಂತೆ ತೋರುವ ಪುಟ್ಟ ರೈಲೊಂದು ಕಾದು ನಿಂತಿರುತ್ತದೆ. ಅದನ್ನು ಗಮನವಿಟ್ಟು ನೋಡಿದವರಿಗೆ ಎರಡು ವಿಚಿತ್ರಗಳು ಕಂಡಿರಬೇಕು. ಎಂಜಿನು ಗಾಡಿಗಳ ಮುಂದಿಲ್ಲ, ಹಿಂದಿದೆ. ಎಳೆಯುವುದರ ಬದಲು ನೂಕುತ್ತದೆ. ಮತ್ತೆ, ಪ್ರತಿಯೊಂದು ಗಾಡಿಯ ತುದಿಯಲ್ಲಿರುವ ಕಿರಿದಾದ ಜಗಲಿಯ ಮೇಲೆ ಒಬ್ಬೊಬ್ಬ ನೌಕರನು ಬ್ರೇಕಿನ ಹಿಡಿಯ ಬಳಿಯಲ್ಲಿ ಎಚ್ಚರದಿಂದ ನಿಂತಿರುತ್ತಾನೆ. ಸಾಧಾರಣ ರೈಲುಗಳಲ್ಲಿ ಈ ಕಾವಲುಗಾರನನ್ನು ಕಾಣಲಾರಿರಿ.

ಈ ಎರಡು ಸಂಗತಿಗಳ ಕಾರಣವನ್ನು ಅರಿಯಬೇಕಾದರೆ ಸ್ವಿಟ್ಸರ್ಲೆಂಡ್ ದೇಶದ ಒಬ್ಬ ಯಂತ್ರಶಿಲ್ಪಿಯ ಜೀವನವನ್ನು ತಿಳಿಯಬೇಕು. ಅವನು ನಮ್ಮ ನೀಲಗಿರಿಗೂ ಬಂದಿದ್ದನು. ಆದರೆ ಬಂದ ಕೆಲಸ ಅವನ ಕೈಯಿಂದ ಆಗಲಿಲ್ಲ.

ನಿಕ್ಲಾಸ್ ರಿಗ್ಗೆನ್‌ಬಾಕನು 1817ನೆಯ ಇಸವಿ ಮೇ 21ರಂದು ಅಲ್ಸಾಸ್ ಪ್ರಾಂತದ ಗೆಬ್ವೀಲರ್ ಎಂಬ ಊರಿನಲ್ಲಿ ಜನಿಸಿದನು. ಮನೆತನವು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ್ದು. ತಂದೆ ಸಕ್ಕರೆಯ ಕಾರ್ಖಾನೆಯನ್ನು ನಡೆಸುತ್ತಿದ್ದನು. ಹುಡುಗನಿನ್ನೂ ಚಿಕ್ಕವನಾಗಿರುವಾಗಲೇ ತಂದೆ ತೀರಿಕೊಂಡುದರಿಂದ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬಾಸೆಲಿಗೆ ಹಿಂದಿರುಗಬೇಕಾಯಿತು. ಮಗನು ವ್ಯಾಪಾರ ಕಲಿತು ಮನೆಗೆ ಆಧಾರವಾಗಲೆಂದು ಹಿರಿಯರು ಅವನನ್ನು ಒಂದು ವರ್ತಕರ ಮನೆಗೆ ಸೇರಿಸಿದರು. ಲೆಕ್ಕದ ಪುಸ್ತಕಗಳಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಅದನ್ನು ಬಿಟ್ಟು ಯಂತ್ರದ ಕಸುಬನ್ನು ಕಲಿತು, ಸುತ್ತಿಗೆ ಅರಗಳೊಡನೆ ಫ್ರಾನ್ಸಿಗೆ ಹೊರಟನು. ಪ್ಯಾರಿಸ್ ನಗರದಲ್ಲಿ ಹಗಲು ಕಾರ್ಖಾನೆಯ ದುಡಿಮೆ, ರಾತ್ರಿ ಗಣಿತ ಮತ್ತು ಯಂತ್ರಶಾಸ್ತ್ರದ ತರಗತಿಗಳು. ಪ್ಯಾರಿಸಿನಿಂದ ಸಾನ್ ಜರ್ಮೆನ್ ಎಂಬಲ್ಲಿಗೆ 1837ರಲ್ಲಿ ರೈಲುದಾರಿ ತೆರೆದಿದ್ದಿತು. ಉಗಿಯ ಎಂಜಿನನ್ನು ಕಂಡ ಮೇಲೆ ಆ ತರುಣನಿಗೆ ಬೇರೆ ಯಂತ್ರಗಳ ಮೇಲಿನ ಆಸೆಯೇ ಹೋಯಿತು.

1840ರಲ್ಲಿ ಅವನು ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿದ್ದ ಕೆಸ್ಲರನ ಎಂಜಿನ್ ಕಾರ್ಖಾನೆಯನ್ನು ಸೇರಿ, ಕೈಕೆಲಸದವನಾಗಿ ಮೊದಲುಗೊಂಡು ಮೇಲ್ವಿಚಾರಕನ ಪದವಿಗೆ ಏರಿದನು. ಸ್ವಿಟ್ಸರ್ಲೆಂಡಿನ ಒಳಗೆ ಹಾಕಿದ ಮೊದಲನೆಯ ರೈಲುದಾರಿ ಜ್ಯೂರಿಕಿನಿಂದ ಬಾಡೆನಿಗೆ 1847ರ ಆಗಸ್ಟ್ ತಿಂಗಳಲ್ಲಿ ತೆರೆಯಿತು. ಅದರ ಎಂಜಿನಾದ ಲಿಮ್ಮಟ್ ತಯಾರಾದುದು ಆ ಕಾರ್ಖಾನೆಯಲ್ಲೇ. ಅದನ್ನು ತಂದು ನಡೆಸಿದವನು ರಿಗ್ಗೆನ್‌ಬಾಕನು. 1853ರಲ್ಲಿ ಸ್ವಿಸ್ ಸೆಂಟ್ರಲ್ ರೈಲ್ವೆಯು ಅವನನ್ನು ಕರೆದು ತನ್ನ ಯಂತ್ರಾಗಾರದ ಮುಖ್ಯಸ್ಥನನ್ನಾಗಿ ಮಾಡಿಕೊಂಡಿತು. ಕೆಲಕಾಲದ ಮೇಲೆ ಓಲ್ಟೆನ್ ಎಂಬ ಊರಿನಲ್ಲಿ ಆ ಕಂಪನಿಯ ದೊಡ್ಡ ಕಾರ್ಯಾಗಾರವು ಎದ್ದಿತು. ಅಲ್ಲಿ ಎಂಜಿನುಗಳು, ಗಾಡಿಗಳು, ಕಬ್ಬಿಣದ ಸೇತುವೆಗಳು ಎಲ್ಲವೂ ಅವನ ಕಣ್ಣಮುಂದೆ ರೂಪುಗೊಂಡವು.

ಬಾಸೆಲಿಗೂ ಓಲ್ಟೆನಿಗೂ ನಡುವೆ ಹೌವೆನ್‌ಸ್ಟೈನ್ ಎಂಬ ಗುಡ್ಡಸಾಲು ಅಡ್ಡವಾಗಿದೆ. ಅಲ್ಲಿಯ ದಾರಿ ನೂರು ಅಡಿಗೆ ಎರಡೂವರೆ ಅಡಿಗಳಷ್ಟು ಏರುತ್ತಿದ್ದಿತು. ನಮಗೆ ಇದು ಏರೇ ಅಲ್ಲವೆಂದು ತೋರಬಹುದು. ಆದರೆ ನುಣುಪಾದ ಕಬ್ಬಿಣದ ಹಳಿಯ ಮೇಲೆ ನುಣುಪಾದ ಕಬ್ಬಿಣದ ಗಾಲಿ ಉರುಳುವಾಗ ಹಿಡಿತವು ಬಹಳ ಕಡಿಮೆ. ಮಳೆ ಬಂದರೆ, ಎಲೆಗಳು ಉದುರಿದರೆ, ಗಾಲಿಗಳು ನಿಂತಲ್ಲೇ ಗಿರಗಿರನೆ ತಿರುಗುತ್ತಿದ್ದವು. ಬಂಡಿ ಮುಂದಕ್ಕೆ ಸಾಗುತ್ತಿರಲಿಲ್ಲ. ಎಂಜಿನನ್ನು ಇನ್ನೂ ಭಾರವಾಗಿ ಮಾಡಿದರೆ ಹಿಡಿತವೇನೋ ಹೆಚ್ಚುವುದು, ಆದರೆ ಆ ಭಾರವನ್ನೇ ಹೊತ್ತು ಏರುವುದರಲ್ಲಿ ಶಕ್ತಿಯೆಲ್ಲ ಮುಗಿದುಹೋಗುವುದು. ಈ ತೊಡಕನ್ನು ದಿನವೂ ನೋಡುತ್ತಿದ್ದ ರಿಗ್ಗೆನ್‌ಬಾಕನಿಗೆ ಒಂದು ಉಪಾಯ ಹೊಳೆಯಿತು. ಎರಡು ಹಳಿಗಳ ನಡುವೆ ಏಣಿಯಂತೆ ಮೆಟ್ಟಿಲುಗಳುಳ್ಳ ಮೂರನೆಯದೊಂದು ಕಬ್ಬಿಣದ ಸಾಲನ್ನು ಮಲಗಿಸುವುದು. ಎಂಜಿನಿನ ಹೊಟ್ಟೆಯ ಕೆಳಗೆ ಹಲ್ಲುಗಾಲಿಯನ್ನು ಜೋಡಿಸುವುದು. ಹಲ್ಲು ಮೆಟ್ಟಿಲನ್ನು ಕಚ್ಚಿ ಹಿಡಿದರೆ ಜಾರುವ ಮಾತೆಲ್ಲಿ? 1863ರ ಆಗಸ್ಟ್ 12ರಂದು ಫ್ರಾನ್ಸಿನಲ್ಲಿ ಇದಕ್ಕೆ ಪೇಟೆಂಟು ದೊರೆಯಿತು. ಪೇಟೆಂಟು ಸಿಕ್ಕಿತೇ ಹೊರತು ಹಣ ಕೊಡುವವರು ಸಿಕ್ಕಲಿಲ್ಲ. ವಿದ್ಯಾವಂತರಾದ ಎಂಜಿನಿಯರುಗಳು ಇದೊಂದು ಮರುಳು ಎಂದು ನಕ್ಕರು.

ಏರುವ ಸಮಸ್ಯೆಯು ಹೀಗೆ ಕಾಗದದ ಮೇಲೆ ಬಗೆಹರಿಯಿತು. ಆದರೆ ಬೆಟ್ಟದ ರೈಲಿನಲ್ಲಿ ಏರುವುದು ಅರ್ಧ ಕೆಲಸ ಮಾತ್ರ. ಅದೂ ಸುಲಭವಾದ ಅರ್ಧ. ಏರುವಾಗ ಉಗಿ ಸಾಲದೆ ಹೋದರೆ ಬಂಡಿ ನಿಲ್ಲುತ್ತದೆ, ಪ್ರಯಾಣಿಕರು ಗೊಣಗುತ್ತಾರೆ. ಇಳಿಯುವಾಗ ತಡೆ ಸಾಲದೆ ಹೋದರೆ ಗೊಣಗಲು ಯಾರೂ ಉಳಿಯುವುದಿಲ್ಲ.

ಆ ಕಾಲದ ರೈಲುಗಳಲ್ಲಿ ಬ್ರೇಕು ಎಂದರೆ ಏನಿದ್ದಿತೆಂಬುದನ್ನು ಇಲ್ಲಿ ಹೇಳಬೇಕು. 1856ನೆಯ ಜುಲೈ ಒಂದರಂದು ನಮ್ಮ ರಾಯಪುರಂ ನಿಲ್ದಾಣದಿಂದ ವಾಲಾಜಾ ರೋಡಿನವರೆಗೆ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲುದಾರಿ ಸಾರ್ವಜನಿಕರಿಗೆ ತೆರೆಯಿತು. ಆಗ ಪ್ರಪಂಚದಲ್ಲೆಲ್ಲ ಬಂಡಿಯನ್ನು ನಿಲ್ಲಿಸುತ್ತಿದ್ದುದು ಮನುಷ್ಯರ ತೋಳ್ಬಲವೇ. ಚಾಲಕನು ಸಿಳ್ಳು ಹಾಕಿದೊಡನೆ ಗಾರ್ಡನೂ ಬ್ರೇಕಿನ ಆಳುಗಳೂ ತಮ್ಮ ತಮ್ಮ ಗಾಡಿಯ ತಿರುಪನ್ನು ತಿರುಗಿಸಬೇಕು; ಮರದ ದಿಮ್ಮಿಯೊಂದು ಗಾಲಿಯ ಅಂಚನ್ನು ಒತ್ತಬೇಕು; ಉಜ್ಜಿ ಉಜ್ಜಿ ಗಾಲಿ ನಿಧಾನವಾಗಬೇಕು. ಬಯಲುಸೀಮೆಯಲ್ಲಿ, ಮುಂದೆ ಬಹುದೂರ ದಾರಿ ಕಾಣುವಲ್ಲಿ, ಇದು ಹೇಗೋ ನಡೆಯುತ್ತಿದ್ದಿತು. ಒಬ್ಬ ಆಳು ತೂಕಡಿಸಿದರೂ ಅಪಾಯವೇ. ಅಮೆರಿಕದಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸನು ಒತ್ತಿದ ಗಾಳಿಯ ಬಲದಿಂದ ಬಂಡಿಯನ್ನು ತಡೆಯುವ ಏರ್ಪಾಡಿಗೆ 1869ರಲ್ಲಿ ಪೇಟೆಂಟು ಪಡೆದುದು ಈ ತೋಳ್ಬಲದ ಬ್ರೇಕಿಗೆ ಬದಲಾಗಿಯೇ.

ರಿಗ್ಗೆನ್‌ಬಾಕನ ಮನಸ್ಸಿನಲ್ಲಿದ್ದ ಇಳಿಜಾರು ನಾಲ್ಕು ಅಡಿಗೆ ಒಂದು ಅಡಿಯದು. ಅಂತಹ ಇಳಿಜಾರಿನಲ್ಲಿ ಉಜ್ಜುವ ಬ್ರೇಕನ್ನೇ ನೆಚ್ಚಿಕೊಂಡರೆ ಏನಾಗುವುದು? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಟನ್ನು ತೂಕವು 1,100 ಮೀಟರು ಎತ್ತರದಿಂದ ಕೆಳಗಿಳಿಯಿತೆನ್ನಿರಿ. ಅದು ವೇಗಗೊಳ್ಳದಂತೆ ತಡೆಯುವಾಗ ಹುಟ್ಟುವ ಶಾಖವು ಮೂವತ್ತು ಲೀಟರಿಗೂ ಹೆಚ್ಚಿನ ತಣ್ಣೀರನ್ನು ಕುದಿಯುವ ಬಿಸಿಗೆ ತರಬಲ್ಲದು. ಎಂಜಿನೂ ಗಾಡಿಯೂ ಸೇರಿ ಎಷ್ಟೋ ಟನ್ನುಗಳಾಗುತ್ತವೆ. ಅಷ್ಟು ಶಾಖವನ್ನೂ ಬ್ರೇಕಿನ ದಿಮ್ಮಿಗಳೇ ತಾಳಬೇಕು. ದಿನಕ್ಕೆ ನಾಲ್ಕು ಸಲ ಇಳಿದರೆ ಅವು ಸುಟ್ಟು ಸವೆದು ಹೋಗುವುವು.

ಇಲ್ಲಿ ಅವನು ಎಂಜಿನಿನ ಸಿಲಿಂಡರುಗಳನ್ನೇ ತಡೆಯನ್ನಾಗಿ ಬಳಸಿದನು. ಇದನ್ನು ಅರ್ಥಮಾಡಿಕೊಳ್ಳಲು ಸೈಕಲ್ಲಿನ ಪಂಪೊಂದು ಸಾಕು. ಅದರ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿರಿ. ಒಳಗಿನ ಗಾಳಿ ಕೈಯನ್ನು ಹಿಂದಕ್ಕೆ ನೂಕುತ್ತದೆ. ಬೆರಳನ್ನು ಕೊಂಚ ಸಡಿಲಿಸಿದರೆ ಹಿಡಿ ಮೆಲ್ಲಮೆಲ್ಲನೆ ಇಳಿಯುತ್ತದೆ. ಹಾಗೆ ಹತ್ತಾರು ಸಲ ಮಾಡಿದರೆ ಪಂಪಿನ ಮೈ ಬಿಸಿಯಾಗುತ್ತದೆ. ಬೆಟ್ಟವನ್ನು ಇಳಿಯುವಾಗ ಎಂಜಿನಿಗೆ ಉಗಿ ಬೇಕಾಗಿಲ್ಲ. ತೂಕವೇ ಅದನ್ನು ಕೆಳಕ್ಕೆ ಎಳೆಯುತ್ತದೆ. ಆಗ ಉಗಿಯನ್ನು ನಿಲ್ಲಿಸಿ ಸಿಲಿಂಡರಿಗೆ ಹೊರಗಿನ ಗಾಳಿಯನ್ನು ಬಿಡುತ್ತಾರೆ. ಹಲ್ಲುಗಾಲಿ ತಿರುಗಿದಂತೆ ಪಿಸ್ಟನ್ನು ಆ ಗಾಳಿಯನ್ನು ಒತ್ತುತ್ತದೆ, ಒತ್ತಲ್ಪಟ್ಟ ಗಾಳಿ ಪಿಸ್ಟನ್ನನ್ನು ತಡೆಯುತ್ತದೆ. ಗಾಳಿ ಹೊರಹೋಗುವ ತೂತನ್ನು ಚಾಲಕನು ಒಂದು ಕವಾಟದಿಂದ ಹಿಗ್ಗಿಸಿ ಕುಗ್ಗಿಸಿ ವೇಗವನ್ನು ತನ್ನ ಅಂಕೆಯಲ್ಲಿ ಇಡುತ್ತಾನೆ. ಸಿಲಿಂಡರು ಕಾಯದಂತೆ ಒಳಕ್ಕೆ ತಣ್ಣೀರನ್ನು ಚಿಮುಕಿಸುತ್ತಾರೆ; ಆ ನೀರು ಆವಿಯಾಗಿ ಹಾರುವಾಗ ಶಾಖವನ್ನೂ ಕೊಂಡೊಯ್ಯುತ್ತದೆ. ಉಜ್ಜುವುದಿಲ್ಲ, ಸವೆಯುವುದಿಲ್ಲ. ಬೆಟ್ಟ ಎಷ್ಟು ಉದ್ದವಿದ್ದರೂ ಈ ತಡೆ ಸೋಲುವುದಿಲ್ಲ. ಅಷ್ಟಾದರೂ ಅವನು ಕೈಬ್ರೇಕುಗಳನ್ನು ತೆಗೆದುಹಾಕಲಿಲ್ಲ. ಎಂಜಿನನ್ನು ಯಾವಾಗಲೂ ಇಳಿಜಾರಿನ ಕೆಳಗಿನ ಬದಿಗೆ ಇಟ್ಟನು. ಕೊಂಡಿ ಕಳಚಿದರೂ ಗಾಡಿ ಎಂಜಿನಿಗೆ ಒರಗಿಕೊಂಡೇ ಇರಬೇಕು, ತಪ್ಪಿಸಿಕೊಂಡು ಓಡಬಾರದು ಎಂಬುದು ಅವನ ಉದ್ದೇಶ. ನೀಲಗಿರಿಯ ಎಂಜಿನು ಹಿಂದೆ ಏಕಿದೆಯೆಂಬ ಪ್ರಶ್ನೆಗೆ ಉತ್ತರವೂ ಇದೇ.

ಅಮೆರಿಕದಲ್ಲಿ ಸಿಲ್ವೆಸ್ಟರ್ ಮಾರ್ಷ್ ಎಂಬಾತನು ಮೌಂಟ್ ವಾಷಿಂಗ್‌ಟನ್ ಪರ್ವತಕ್ಕೆ ಹಲ್ಲುಹಳಿಯ ರೈಲನ್ನು 1869ರಲ್ಲಿ ಮುಟ್ಟಿಸಿದನು. ಮೊದಲಿಗನೆಂಬ ಕೀರ್ತಿ ಅವನಿಗೆ ಸಲ್ಲಬೇಕು. ಆ ಕೆಲಸವನ್ನು ಬಲ್ಲ ಜಾನ್ ಹಿಟ್ಸ್ ಎಂಬ ಸ್ವಿಸ್ ರಾಯಭಾರ ಪ್ರತಿನಿಧಿಯು ಓಲ್ಟೆನಿನಲ್ಲಿ ರಿಗ್ಗೆನ್‌ಬಾಕನ ಮಾದರಿಯನ್ನು ನೋಡಿ ಬಹಳವಾಗಿ ಪ್ರೋತ್ಸಾಹಿಸಿದನು. ನೇಫ್ ಮತ್ತು ತ್ಸ್‌ಚೋಕೆ ಎಂಬ ಇಬ್ಬರು ಎಂಜಿನಿಯರುಗಳು ಜೊತೆಗೂಡಿದರು. ಲೂಸರ್ನ್ ಸರೋವರದ ದಡದ ವಿಟ್ಸ್‌ನೌ ಗ್ರಾಮದಿಂದ ರಿಗಿ ಪರ್ವತಕ್ಕೆ ದಾರಿ ಹಾಕಲು 1869ರಲ್ಲಿ ಅಪ್ಪಣೆಯಾಯಿತು. 1870ರ ಮೇ 21ರಂದು, ತನ್ನ ಹುಟ್ಟುಹಬ್ಬದ ದಿನವೇ, ಅವನು ಮೊದಲ ಪರೀಕ್ಷೆಯ ಓಟವನ್ನು ನಡೆಸಿದನು. ಮರುವರ್ಷ ಅದೇ ದಿನ ಯುರೋಪಿನ ಮೊತ್ತಮೊದಲ ಗಿರಿರೈಲು ಜನರಿಗೆ ತೆರೆಯಿತು. ಆಗ ಅವನಿಗೆ 54 ವರ್ಷ. ಇಳಿಜಾರಿಗೆ ತಕ್ಕಂತೆ ಬಾಯ್ಲರನ್ನು ನೆಟ್ಟಗೆ ನಿಲ್ಲಿಸಿದ್ದ ಆ ಎಂಜಿನುಗಳು ನೋಟಕ್ಕೆ ಹಂಡೆಯನ್ನು ಹೊತ್ತ ಬಂಡಿಗಳಂತಿದ್ದವು. ನಕ್ಕವರೆಲ್ಲ ಈಗ ಟಿಕೇಟು ಕೊಂಡು ಹತ್ತಿದರು.

ಕೀರ್ತಿ ಬಂದಿತು, ಹಣ ಅಷ್ಟು ಸುಲಭವಾಗಿ ಬರಲಿಲ್ಲ. 1873ರಲ್ಲಿ ಅವನು ಹಳೆಯ ಉದ್ಯೋಗವನ್ನು ಬಿಟ್ಟು, ಗಿರಿರೈಲುಗಳನ್ನು ಕಟ್ಟುವ ಅಂತಾರಾಷ್ಟ್ರೀಯ ಕಂಪನಿಯೊಂದನ್ನು ಆರೌ ನಗರದಲ್ಲಿ ನಡೆಸಲು ಮುಂದಾದನು. ಅದೇ ಕಾಲಕ್ಕೆ ಯುರೋಪಿನ ವ್ಯಾಪಾರವೆಲ್ಲ ಕುಸಿಯಿತು. ಕಂಪನಿ ಕೆಲವು ವರ್ಷಗಳಲ್ಲಿಯೇ ಮುಚ್ಚಿತು. ಆ ದಿನಗಳಲ್ಲಿ ಅವನ ಕೈಕೆಳಗೆ ದುಡಿಯುತ್ತಿದ್ದ ರೋಮನ್ ಆಪ್ಟ್ ಎಂಬ ಚುರುಕಾದ ತರುಣನ ಹೆಸರನ್ನು ನೆನಪಿನಲ್ಲಿಡಿರಿ. 1879ರಲ್ಲಿ ರಿಗ್ಗೆನ್‌ಬಾಕನು ಗೀಸ್‌ಬಾಕ್ ಎಂಬಲ್ಲಿ ಹಗ್ಗದ ರೈಲನ್ನು ಕಟ್ಟಿದಾಗ, ಒಂದೇ ದಾರಿಯ ನಡುವೆ ಎರಡು ಗಾಡಿಗಳು ಒಂದನ್ನೊಂದು ದಾಟುವ ಜಾಣತನದ ಏರ್ಪಾಡನ್ನು ಮಾಡಿದವನು ಈ ಆಪ್ಟನೇ.

ಇನ್ನು ನೀಲಗಿರಿಯ ಮಾತು. ಕನ್ನಡಕ್ಕೆ ಒಡಹುಟ್ಟಿನಂತಿರುವ ಬಡಗ ನುಡಿಯನ್ನಾಡುವ ಜನರ ಆ ಬೆಟ್ಟಗಳಿಗೆ, ಬೇಸಗೆ ಬಂದರೆ ಮದರಾಸು ಸರ್ಕಾರವೇ ಕಡತಗಳ ಸಮೇತ ಸಾಗುತ್ತಿದ್ದಿತು. ರೈಲು 1873ರಲ್ಲಿ ಮೆಟ್ಟುಪಾಳಯಕ್ಕೆ ಬಂದು ನಿಂತಿತು. ಮುಂದಿನ ಪ್ರಯಾಣ ಟಾಂಗಾಗಳಲ್ಲಿ, ಸಾಮಾನೆಲ್ಲ ಎತ್ತಿನಗಾಡಿಗಳಲ್ಲಿ. 1876ರಲ್ಲಿ ರಿಗ್ಗೆನ್‌ಬಾಕನು ರಿಗಿಯ ಮಾದರಿಯಲ್ಲಿ ಕೂನೂರಿಗೆ ರೈಲನ್ನು ಕಟ್ಟಿಕೊಡುವುದಾಗಿ ಬರೆದುಕೊಂಡನು. ಭೂಮಿ ಉಚಿತವಾಗಿ ಬೇಕು, ಬಂಡವಾಳಕ್ಕೆ ಸರ್ಕಾರ ಬಡ್ಡಿಯ ಭರವಸೆ ಕೊಡಬೇಕು ಎಂಬುದು ಅವನ ಕೋರಿಕೆ. ಒಪ್ಪಿಗೆ ದೊರೆಯಲಿಲ್ಲ. ಅದೇ ವರ್ಷ ಮದರಾಸು ಪ್ರಾಂತದಲ್ಲಿ ಘೋರವಾದ ಕ್ಷಾಮ ತಲೆದೋರಿತೆಂಬುದನ್ನು ನೆನೆದರೆ, ತಂಪುಬೆಟ್ಟದ ರೈಲಿಗೆ ಹಣ ತೆಗೆದಿಡದೆ ಇದ್ದುದು ತಪ್ಪೆಂದು ನನಗೆ ತೋರುವುದಿಲ್ಲ.

ಮುದುಕನು ಛಲ ಬಿಡಲಿಲ್ಲ. ಇಳಿವಯಸ್ಸಿನಲ್ಲಿ ಸಮುದ್ರ ದಾಟಿ ತಾನೇ ನೀಲಗಿರಿಗೆ ಬಂದನು. ಜಿಲ್ಲಾ ಎಂಜಿನಿಯರನಾದ ಮೇಜರ್ ಮೋರಂಟನೊಡನೆ ಸಮಾಲೋಚಿಸಿ ದಾರಿಯ ವಿವರವಾದ ಅಂದಾಜನ್ನು ಸಿದ್ಧಪಡಿಸಿದನು. ನೀಲಗಿರಿ ರಿಗಿ ರೈಲ್ವೆ ಎಂಬ ಕಂಪನಿಯೊಂದು ಹುಟ್ಟಿತು. ಸರ್ಕಾರದ ಭರವಸೆಯಿಲ್ಲದೆ ಯಾರೂ ಪಾಲುಹಣ ಹಾಕಲಿಲ್ಲ. ಕಂಪನಿ ಹೆಸರಿನಲ್ಲೇ ಉಳಿಯಿತು.

1885ರಲ್ಲಿ ಹೊಸದೊಂದು ಕಂಪನಿ ಎದ್ದಾಗ ಕಾಲ ಬದಲಾಗಿದ್ದಿತು. ಆಪ್ಟನು ಗುರುವಿನ ಏಣಿಹಳಿಗೆ ಬದಲಾಗಿ ತನ್ನದೇ ಆದ ಹಲ್ಲುಹಳಿಯನ್ನು ರೂಪಿಸಿದ್ದನು: ಅಕ್ಕಪಕ್ಕದಲ್ಲಿ ಎರಡು ಹಲ್ಲುಪಟ್ಟಿಗಳು, ಒಂದರ ಹಲ್ಲು ಇನ್ನೊಂದರ ಸಂದಿಗೆ ಸರಿಯಾಗಿ. ಒಂದು ಹಲ್ಲು ಬಿಡುವ ಮೊದಲೇ ಮತ್ತೊಂದು ಹಿಡಿದಿರುವುದರಿಂದ ಓಟ ನಯವಾಗುತ್ತದೆ. ಒಂದೇ ಎಂಜಿನು ಸಮದಾರಿಯಲ್ಲಿ ಸಾಧಾರಣ ಗಾಲಿಯಿಂದಲೂ ಕಡಿದಾದಲ್ಲಿ ಹಲ್ಲಿನಿಂದಲೂ ನಡೆಯಬಲ್ಲದು. ಹನ್ನೆರಡು ಅಡಿಗೆ ಒಂದು ಅಡಿ ಏರುವ ನೀಲಗಿರಿಗೆ ಇದೇ ತಕ್ಕುದೆಂದು ನಿಶ್ಚಯವಾಯಿತು. ನ್ಯಾಯವಾಗಿ ನೋಡಿದರೆ ಆ ನಿಶ್ಚಯ ಸರಿಯಾದುದೇ. ಆದರೂ ಬೆಟ್ಟವನ್ನು ಕಣ್ಣಾರೆ ನೋಡಿ ಅಳೆದು ಹೋದ ವೃದ್ಧನ ಮನಸ್ಸು ಹೇಗಿದ್ದಿತೋ! 1886ರಲ್ಲಿ ಅವನು ತನ್ನ ಆತ್ಮಕಥೆಯನ್ನು ಪ್ರಕಟಿಸಿದನು. ಅದರ ಹೆಸರಿನಲ್ಲಿ ತನ್ನನ್ನು ಹಳೆಯ ಮೆಕ್ಯಾನಿಕ್ ಎಂದಷ್ಟೇ ಕರೆದುಕೊಂಡಿದ್ದಾನೆ.

1891ರ ಆಗಸ್ಟಿನಲ್ಲಿ ಗವರ್ನರ್ ವೆನ್ಲಾಕನು ಮೊದಲ ಗುದ್ದಲಿ ಹಾಕಿದನು. 1894ರಲ್ಲಿ ಆ ಕಂಪನಿಯೂ ದಿವಾಳಿಯಾಯಿತು. ಇನ್ನೊಂದು ಕಂಪನಿ ಕೆಲಸವನ್ನು ವಹಿಸಿಕೊಂಡು, 1899ರ ಜೂನ್ 15ರಂದು ಕೂನೂರಿನವರೆಗೆ ದಾರಿ ತೆರೆಯಿತು. ಅಲ್ಲಿಂದ ನಲವತ್ತನೆಯ ದಿನ, ಜುಲೈ 25ರಂದು, ಓಲ್ಟೆನಿನಲ್ಲಿ ರಿಗ್ಗೆನ್‌ಬಾಕನು ತೀರಿಕೊಂಡನು. ಅವನಿಗೆ 82 ವರ್ಷವಾಗಿದ್ದಿತು. ರೈಲು ಉದಕಮಂಡಲವನ್ನು ಮುಟ್ಟಿದುದು 1908ರಲ್ಲಿ.

ವಿಂಟರ್‌ಟೂರ್ ನಗರದ ಎಂಜಿನ್ ಕಾರ್ಖಾನೆಯು 1873ರಲ್ಲಿ ತಯಾರಿಸಿದ ತನ್ನ ಮೊಟ್ಟಮೊದಲ ಎಂಜಿನು ರಿಗಿ ಪರ್ವತದ ಏಳನೆಯ ನಂಬರಿನದು. ಅದೇ ಕಾರ್ಖಾನೆಯು 1914ರಿಂದ 1952ರವರೆಗೆ ನೀಲಗಿರಿಗೂ ಎಂಜಿನುಗಳನ್ನು ಮಾಡಿ ಕಳುಹಿಸಿತು. ಅವುಗಳಲ್ಲಿ ಒಂದೊಂದಕ್ಕೂ ಹಲವು ಬಗೆಯ ಬ್ರೇಕುಗಳಿವೆ: ಕೈಯವು, ಯಂತ್ರಬಲದವು, ಓಡುಗಾಲಿಗೆ ಬೇರೆ, ಹಲ್ಲುಗಾಲಿಗೆ ಬೇರೆ. ಇಷ್ಟೆಲ್ಲ ಇದ್ದರೂ ಗಾಡಿಗೊಬ್ಬ ಬ್ರೇಕಿನ ನೌಕರನನ್ನು ಬಿಡಲಿಲ್ಲ. ಮುಂದಿನ ಸಲ ಹೋದಾಗ ಕಲ್ಲಾರ್ ನಿಲ್ದಾಣವನ್ನು ದಾಟಿದೊಡನೆ ಕಿವಿಗೊಟ್ಟು ಕೇಳಿರಿ. ಹಲ್ಲುಹಳಿ ಅಲ್ಲಿಂದ ಆರಂಭವಾಗುತ್ತದೆ. ಹಲ್ಲುಗಾಲಿ ಅದನ್ನು ಕಚ್ಚಿಕೊಳ್ಳುವ ಸದ್ದು ಹಿಂದಿನ ಗಾಡಿಯಲ್ಲಿ ಕುಳಿತವರಿಗೆ ಚೆನ್ನಾಗಿ ಕೇಳಿಸುತ್ತದೆ.